ಮಿಡಿ ಕರಗಿತು, ಹುರುಳಿ ಬೇಯಲಿಲ್ಲ: ಎರಡರ ಹಿಂದೆಯೂ ಒಂದೇ ಗೋಡೆ

ಓದುಗರ ಪ್ರಶ್ನೆ:

"ನಮ್ಮ ಮನೆ ಬ್ರಹ್ಮಾವರದ ಹತ್ತಿರ, ಹೊಳೆ ಬದಿಯಲ್ಲಿ. ಪ್ರತಿ ವರ್ಷ ಮಿಡಿ ಉಪ್ಪಿನಕಾಯಿ ಹಾಕುತ್ತೇವೆ. ಈ ಸಲ ಹತ್ತು ಕೆ.ಜಿ. ಮಿಡಿ ಸಿಕ್ಕಿತ್ತು. ಅರ್ಧ ಕೊಯ್ದದ್ದು, ಅರ್ಧ ಗಾಳಿಮಳೆಗೆ ಉದುರಿದ್ದು. ತೊಳೆದು, ತೊಟ್ಟು ಮುರಿದು, ಪ್ಯಾಕೆಟಿನ ಪುಡಿ ಉಪ್ಪು ಒಂದೂವರೆ ಕೆ.ಜಿ. ಹಾಕಿ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟೆವು. ಇಪ್ಪತ್ತು ದಿನ ಬಿಟ್ಟು ತೆಗೆದರೆ ಮೇಲೆ ಬಿಳಿ ಪದರ. ಮೇಲಿನ ಮಿಡಿಗಳು ಹಿಸುಕಿದರೆ ಬೆರಳಿಗೆ ಅಂಟುವಷ್ಟು ಮೆತ್ತಗೆ, ತಳದವು ಗಟ್ಟಿಯಾಗಿಯೇ ಇವೆ. ಕೆಟ್ಟ ವಾಸನೆ ಇಲ್ಲ. ಅಯೋಡಿನ್ ಉಪ್ಪು ಹಾಕಿದ್ದೇ ತಪ್ಪು ಎನ್ನುತ್ತಾರೆ ಅತ್ತೆ. ಸುಣ್ಣದ ತಿಳಿಯಲ್ಲಿ ಹಾಕಿದರೆ ಮತ್ತೆ ಗಟ್ಟಿಯಾಗುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ಯಾವುದು ಸರಿ? ಇನ್ನೊಂದು ಸಂಗತಿ. ಕಳೆದ ಮಳೆಗಾಲಕ್ಕೆ ಮೊದಲು ತಂದಿಟ್ಟ ಹುರುಳಿ ಎಂಟು ಸೀಟಿ ಕೂಗಿಸಿದರೂ ಬೇಯುವುದಿಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ತೊಗರಿಬೇಳೆಯೂ ಹಾಗೇ ಮಾಡುತ್ತದೆ. ಆಗ ಬಾವಿ ನೀರು ಸ್ವಲ್ಪ ಸವುಳಾಗಿರುತ್ತದೆ. ಇದಕ್ಕೇನಾದರೂ ಉಪಾಯ ಇದೆಯೇ?"

ಉತ್ತರ:

ಗಟ್ಟಿ ಇರಬೇಕಾದ ಮಿಡಿ ಕರಗಿತು, ಕರಗಬೇಕಾದ ಹುರುಳಿ ಗಟ್ಟಿಯಾಗಿಯೇ ಉಳಿಯಿತು. ಇವನ್ನು ನೀವು ಎರಡು ಬೇರೆ ಬೇರೆ ತೊಂದರೆಯಾಗಿ ಬರೆದಿದ್ದೀರಿ. ಎರಡೂ ನಡೆದದ್ದು ಒಂದೇ ಜಾಗದಲ್ಲಿ, ಸಸ್ಯದ ಕೋಶಭಿತ್ತಿಯಲ್ಲಿ. ಅಲ್ಲಿ ಅಂಟಿನ ಕೆಲಸ ಮಾಡುವ ಪೆಕ್ಟಿನ್ ಎಂಬ ವಸ್ತು ಮಿಡಿಯಲ್ಲಿ ತುಂಡಾಯಿತು, ಹುರುಳಿಯಲ್ಲಿ ಬೇಕಾದದ್ದಕ್ಕಿಂತ ಬಿಗಿಯಾಯಿತು.

ನೀವು ಕಾಯುತ್ತಿರುವ ಉತ್ತರವನ್ನು ಮೊದಲೇ ಹೇಳುತ್ತೇನೆ. ತಪ್ಪು ಅಯೋಡಿನ್‌ನದ್ದಲ್ಲ. ಸುಣ್ಣದ ತಿಳಿಯಿಂದ ಮೆತ್ತಗಾದ ಮಿಡಿ ಗಟ್ಟಿಯಾಗದು, ಅಪಾಯ ಮಾತ್ರ ಹೆಚ್ಚುತ್ತದೆ. ತಳದ ಗಟ್ಟಿ ಮಿಡಿಗಳನ್ನು ಉಳಿಸಿಕೊಳ್ಳಬಹುದು, ಆದರೆ ಇವತ್ತೇ ಕೈಹಾಕಬೇಕು. ಹುರುಳಿಯನ್ನು ಖಂಡಿತ ಬೇಯಿಸಬಹುದು.

ಗೋಡೆಯಲ್ಲಿ ಏನೇನಿದೆ

ಮಾವಿನ ಮಿಡಿಯೋ ಹುರುಳಿಕಾಳೋ, ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳ ಜೋಡಣೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು 'ಕೋಶ' ಎಂದು ಹೆಸರಿಟ್ಟದ್ದು ನಿಜವಾಗಿ ಈ ಕೋಣೆಗಳ ಖಾಲಿ ಗೋಡೆಗಳನ್ನು ನೋಡಿ. ಒಳಗಿನ ಜೀವ ಆಗಲೇ ಹೋಗಿತ್ತು.

ಎಳೆಯ ಕಾಯಿಯಲ್ಲಿ ಗೋಡೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹಸಿ ಗೋಡೆಯ ಮೂರನೇ ಎರಡು ಭಾಗದಷ್ಟು ಬರೀ ನೀರು. ನೀರು ತೆಗೆದು ಉಳಿದದ್ದನ್ನು ತೂಗಿದರೆ ಸುಮಾರು ಮೂರನೇ ಒಂದು ಭಾಗ ಪೆಕ್ಟಿನ್, ಕಾಲು ಭಾಗಕ್ಕೆ ತುಸು ಹೆಚ್ಚುಕಡಿಮೆ ಸೆಲ್ಯುಲೋಸ್, ಹತ್ತಿರ ಹತ್ತಿರ ಅಷ್ಟೇ ಹೆಮಿಸೆಲ್ಯುಲೋಸ್, ಜೊತೆಗೆ ಸ್ವಲ್ಪ ಪ್ರೋಟೀನು.

ಸೆಲ್ಯುಲೋಸ್ ಎಂದರೆ ಹುರಿಹಗ್ಗ. ಸಾವಿರಾರು ಗ್ಲೂಕೋಸ್ ಅಣುಗಳು ಸಾಲಾಗಿ ಕೂಡಿ ಒಂದು ಎಳೆ, ಅಂಥ ಹಲವು ಎಳೆಗಳು ಒತ್ತಾಗಿ ಸೇರಿ ಒಂದು ನೂಲು. ಹತ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇದೇ. ಹಗಲಿಡೀ ಕುದಿಸಿದರೂ ಬಟ್ಟೆ ಕರಗುವುದಿಲ್ಲವಲ್ಲ, ಹಾಗೇ ಒಲೆಯ ಮೇಲೆ ಸೆಲ್ಯುಲೋಸಿಗೆ ಹೆಚ್ಚೇನೂ ಆಗುವುದಿಲ್ಲ. ನೂಲಿನಿಂದ ನೂಲಿಗೆ ಹಬ್ಬಿ ಅವನ್ನು ಹಿಡಿದಿಡುವುದು ಹೆಮಿಸೆಲ್ಯುಲೋಸ್. ಈ ಬಲೆಯ ಸಂದಿಗಳಲ್ಲೆಲ್ಲ ಹಲ್ವದಂತೆ ತುಂಬಿಕೊಂಡಿರುವುದು ಪೆಕ್ಟಿನ್. ಒಂದು ಕೋಣೆಯ ಗೋಡೆಗೂ ಪಕ್ಕದ ಕೋಣೆಯ ಗೋಡೆಗೂ ನಡುವೆ ಮಧ್ಯಪಟಲ ಎಂಬ ತೆಳು ಪದರ ಇದೆ. ಅದು ಹೆಚ್ಚುಕಡಿಮೆ ಪೆಕ್ಟಿನ್ನೇ. ಮುರಕಲ್ಲಿನ ಗೋಡೆಯಲ್ಲಿ ಕಲ್ಲು ಕಲ್ಲಿನ ನಡುವೆ ಗಾರೆ ಇರುವ ಹಾಗೆ. ಗಾರೆ ಉದುರಿದರೆ ಕಲ್ಲು ಸರಿ ಇದ್ದರೂ ಗೋಡೆ ನಿಲ್ಲುವುದಿಲ್ಲ. ತರಕಾರಿ ಬೇಯುವುದು, ಹಣ್ಣು ಮೆತ್ತಗಾಗುವುದು, ಉಪ್ಪಿನಕಾಯಿ ಕರಗುವುದು ಎಲ್ಲವೂ ಮುಖ್ಯವಾಗಿ ಈ ಗಾರೆ ಬಿಡುವ ಕೆಲಸ.

ನಾಲ್ಕನೆಯ ವಸ್ತು ಲಿಗ್ನಿನ್. ಕೆಲವು ಕೋಶಗಳು ಬೆಳೆದು ಮುಗಿದ ಮೇಲೆ ಒಳಗಡೆ ಎರಡನೆಯ ಗೋಡೆ ಕಟ್ಟಿ ಅದಕ್ಕೆ ಲಿಗ್ನಿನ್ ಸೇರಿಸುತ್ತವೆ. ಮರ, ಗೆರಟೆ, ಮಾವಿನ ಗೊರಟಿನ ಗಡಸುತನ ಬರುವುದು ಇದರಿಂದ. ಅಡುಗೆಮನೆಯ ಶಾಖಕ್ಕೂ ಉಪ್ಪಿಗೂ ಲಿಗ್ನಿನ್ ಜಗ್ಗುವುದಿಲ್ಲ. ಗೊರಟು ಬಲಿಯುವ ಮೊದಲೇ ಮಿಡಿ ಕೊಯ್ಯಬೇಕು ಎಂದು ಹಿರಿಯರು ಹೇಳುವುದು ಅದಕ್ಕೇ. ಚೂರಿ ತಡೆಯಿಲ್ಲದೆ ಮಧ್ಯಕ್ಕೆ ಇಳಿದರೆ ಲಿಗ್ನಿನ್ ಇನ್ನೂ ಕಟ್ಟಿಲ್ಲ ಎಂದರ್ಥ.

ಈ ನಾಲ್ಕರ ಸ್ವಭಾವ ಒಟ್ಟಿಗೆ ಕಾಣಬೇಕಾದರೆ ತೆಂಗಿನ ಸಿಪ್ಪೆ ನೆನೆಹಾಕುವ ಜಾಗಕ್ಕೆ ಹೋಗಿ ನೋಡಬೇಕು. ನಾರು ತೆಗೆಯಲು ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಮುಳುಗಿಸಿಡುತ್ತಾರೆ. ಸೂಕ್ಷ್ಮಜೀವಿಗಳು ನಾರುಗಳ ನಡುವಿನ ಪೆಕ್ಟಿನ್ನನ್ನು ತಿಂದು ಮುಗಿಸುತ್ತವೆ. ಲಿಗ್ನಿನ್ ತುಂಬಿದ ನಾರಿಗೆ ಏನೂ ಆಗುವುದಿಲ್ಲ, ಬಡಿದರೆ ಬಿಡಿಬಿಡಿಯಾಗಿ ಬರುತ್ತದೆ. ನಿಮ್ಮ ಡಬ್ಬದ ಮೇಲುಭಾಗದಲ್ಲಿ ನಡೆದದ್ದೂ ಇದೇ ಕೆಲಸ. ಎಳೆ ಮಿಡಿಯಲ್ಲಿ ಲಿಗ್ನಿನ್ ಇಲ್ಲದ ಕಾರಣ ನಾರು ಉಳಿಯುವ ಬದಲು ಇಡೀ ಮಿಡಿಯೇ ಲೋಳೆಯಾಯಿತು.

ಪೆಕ್ಟಿನ್ ಬಿಗಿಯುವುದು ಹೇಗೆ, ಕಡಿಯುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪೆಕ್ಟಿನ್ ಒಂದು ಉದ್ದದ ಸರ. ಅದರ ಮಣಿಗಳು ಗ್ಯಾಲಕ್ಟುರೋನಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ಆಮ್ಲದವು. ಅನೇಕ ಮಣಿಗಳ ಮೇಲೆ ಮಿಥೈಲ್ ಗುಂಪು ಎಂಬ ಟೊಪ್ಪಿ ಇರುತ್ತದೆ. ಟೊಪ್ಪಿ ಇಲ್ಲದ ಮಣಿಗೆ ಋಣ ವಿದ್ಯುದಂಶ, ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ. ಟೊಪ್ಪಿ ಇಲ್ಲದ ಎರಡು ಸರಗಳು ಅಕ್ಕಪಕ್ಕ ಬಂದಾಗ ಅವುಗಳ ನಡುವಿನ ಕುಳಿಗಳಲ್ಲಿ ಕ್ಯಾಲ್ಸಿಯಂ ಕೂತು ಎರಡನ್ನೂ ಬಿಗಿಯುತ್ತದೆ. ಮೊಟ್ಟೆ ಇಡುವ ಎರಡು ಗುಳಿ ತಟ್ಟೆಗಳನ್ನು ಮೇಲೆ ಕೆಳಗೆ ಮುಚ್ಚಿದ ಹಾಗೆ ಕಾಣುವುದರಿಂದ ವಿಜ್ಞಾನಿಗಳು ಇದನ್ನು 'ಮೊಟ್ಟೆ ಪೆಟ್ಟಿಗೆ' ರಚನೆ ಎಂದೇ ಕರೆಯುತ್ತಾರೆ.

ಗೋಡೆಯಲ್ಲೇ ಎರಡು ಬಗೆಯ ಕಿಣ್ವಗಳಿರುತ್ತವೆ. ಒಂದು ಟೊಪ್ಪಿ ತೆಗೆಯುವುದು, ಇನ್ನೊಂದು ಟೊಪ್ಪಿ ಇಲ್ಲದ ಕಡೆ ಸರವನ್ನೇ ಕಡಿಯುವುದು. ಟೊಪ್ಪಿ ಹೋದ ಜಾಗಕ್ಕೆ ಕ್ಯಾಲ್ಸಿಯಂ ಮೊದಲು ತಲುಪಿದರೆ ಕಾಯಿ ಗಟ್ಟಿಯಾಗುತ್ತದೆ, ಕಡಿಯುವ ಕಿಣ್ವ ಮೊದಲು ತಲುಪಿದರೆ ಕರಗುತ್ತದೆ. ಹಣ್ಣಾಗುವಾಗ ಮಾವು ತಾನೇ ಕಡಿಯುವ ಕಿಣ್ವವನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಎಳೆ ಮಿಡಿಯಲ್ಲಿ ಅದು ತೀರಾ ಕಡಿಮೆ. ಹಾಗಾದರೆ ನಿಮ್ಮ ಮಿಡಿಗೆ ಅದು ಬಂದದ್ದು ಎಲ್ಲಿಂದ? ಹೊರಗಿನಿಂದ, ಶಿಲೀಂಧ್ರಗಳಿಂದ.

ಉಪ್ಪು ಮಿಡಿಯನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆ

ಬಹಳ ಜನ ಹೀಗೆ ತಿಳಿದಿದ್ದಾರೆ. ನಿಜವಾಗಿ ನಡೆಯುವುದು ಬೇರೆ. ಹಸಿ ಮಿಡಿ ಕಚ್ಚಿದಾಗ 'ಕರಕ್' ಎನ್ನುವುದಕ್ಕೆ ಎರಡು ಆಸರೆ: ಒಳಗಿನ ನೀರು ಗೋಡೆಯನ್ನು ಒತ್ತುವ ಒತ್ತಡ, ಮತ್ತು ಗೋಡೆಯ ಸ್ವಂತ ಗಟ್ಟಿತನ. ಒತ್ತಡ ಸಣ್ಣದಲ್ಲ. ಕಾರಿನ ಟಯರಿನಲ್ಲಿರುವುದು ವಾಯುಮಂಡಲದ ಒತ್ತಡದ ಸುಮಾರು ಎರಡು ಪಟ್ಟು, ಸಸ್ಯಕೋಶದೊಳಗೆ ಸಾಮಾನ್ಯವಾಗಿ ಮೂರರಿಂದ ಹತ್ತು ಪಟ್ಟು. ಉಪ್ಪು ಬಿದ್ದೊಡನೆ ಕೋಶದ ನೀರು ಹೊರಗೆ ಬಂದು ಈ ಒತ್ತಡ ಪೂರ್ತಿ ಇಳಿಯುತ್ತದೆ. ಮಿಡಿ ಚಿರುಟುವುದು ಹೀಗೆ. ಅಲ್ಲಿಂದ ಮುಂದೆ ಎರಡು ವರ್ಷ ಇಟ್ಟರೂ ಕರಕರ ಎನ್ನುವ ಉಪ್ಪಿನಕಾಯಿಗೆ ಆಸರೆ ಗೋಡೆ ಒಂದೇ. ಉಪ್ಪಿನ ಕೆಲಸ ಆ ಗೋಡೆಯನ್ನು ಕಡಿಯುವ ಜೀವಿಗಳನ್ನೂ ಕಿಣ್ವಗಳನ್ನೂ ತಡೆಯುವುದಷ್ಟೇ. ಆದ್ದರಿಂದ ಚಿರುಟಿದ ಮಿಡಿ ಕಂಡು ಹೆದರಬೇಡಿ. ಚಿರುಟದೆ ಉಬ್ಬಿಕೊಂಡು ಮೆತ್ತಗಿದ್ದರೆ ಅದು ಕೆಟ್ಟ ಗುರುತು.

ನಿಮ್ಮ ಲೆಕ್ಕ ನೋಡಿ. ಹತ್ತು ಕೆ.ಜಿ. ಮಿಡಿಯಲ್ಲಿ ಎಂಟೂವರೆ ಕೆ.ಜಿ.ಯಷ್ಟು ನೀರೇ ಇರುತ್ತದೆ. ಒಂದೂವರೆ ಕೆ.ಜಿ. ಉಪ್ಪು ಅದರಲ್ಲಿ ಪೂರ್ತಿ ಬೆರೆತರೆ ಶೇಕಡಾ 15ರ ಉಪ್ಪುನೀರು. ಇದು ಅಂಚಿನ ಪ್ರಮಾಣ. ಅದೂ ಸಮನಾಗಿ ಬೆರೆತರೆ. ಬೆರೆಯುವುದಿಲ್ಲ. ಪುಡಿ ಉಪ್ಪು ಬೇಗ ಕರಗಿ ತಳಕ್ಕೆ ಜಾರುತ್ತದೆ, ಗಾಢ ಉಪ್ಪುನೀರು ಭಾರವಾದ್ದರಿಂದ ಕೈಯಾಡಿಸದೆ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ತಳದ ಮಿಡಿಗೆ ಬೇಕಾದಷ್ಟು ಉಪ್ಪು ಸಿಕ್ಕಿತು, ಮೇಲಿನದಕ್ಕೆ ಉಪ್ಪು ಕಡಿಮೆ, ಗಾಳಿ ಹೆಚ್ಚು. ತಳದವು ಗಟ್ಟಿ, ಮೇಲಿನವು ಮೆತ್ತಗೆ ಎಂದು ನೀವು ಗಮನಿಸಿ ಬರೆದದ್ದು ಬಹಳ ಉಪಯೋಗವಾಯಿತು. ಉಪ್ಪಿನ ಜಾತಿಯೇ ಕಾರಣವಾಗಿದ್ದರೆ ತಳದವೂ ಕರಗಬೇಕಿತ್ತು.

ಮಾವಿನ ಮಿಡಿ ತುಂಬ ಹುಳಿ, ಹಾಗಾಗಿ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಜಾಗವಿಲ್ಲ. ಬೂಷ್ಟಿಗೂ ಕೆಲವು ಯೀಸ್ಟುಗಳಿಗೂ ಹುಳಿಯ ಭಯ ಇಲ್ಲ, ಉಪ್ಪಿನದ್ದೂ ಅಷ್ಟಾಗಿ ಇಲ್ಲ. ಅವಕ್ಕೆ ಬೇಕಾದದ್ದು ಗಾಳಿ. ಬಿಳಿ ಪದರ ಎಂದರೆ ಇವೇ. ಪದರದಲ್ಲಿರುವ ಯೀಸ್ಟು ಆಮ್ಲವನ್ನು ತಿಂದು ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಬೆಳೆದ ಬೂಷ್ಟು ಪೆಕ್ಟಿನ್ ಕಡಿಯುವ ಕಿಣ್ವವನ್ನು ನೀರಿಗೆ ಬಿಡುತ್ತದೆ. ಪದರ ತೆಗೆದು ಎಸೆದ ಮೇಲೂ ಆ ಕಿಣ್ವ ಉಪ್ಪುನೀರಿನಲ್ಲೇ ಇರುತ್ತದೆ, ಕೆಲಸ ಮುಂದುವರಿಸುತ್ತದೆ. 'ಮೇಲಿಂದ ತೆಗೆದರೆ ಸಾಕು' ಎಂಬ ಸಲಹೆ ಫಲಿಸದಿರುವುದು ಇದಕ್ಕೇ.

ಉದುರಿದ ಮಿಡಿ ಸೇರಿಸಿದ್ದು ಎರಡನೆಯ ಕಾರಣ. ನೆಲಕ್ಕೆ ಬಿದ್ದ ಪೆಟ್ಟಿಗೆ ಸಿಪ್ಪೆಯ ಕೆಳಗಿನ ಕೋಶಗಳು ಒಡೆದಿರುತ್ತವೆ, ಶಿಲೀಂಧ್ರಕ್ಕೆ ಬಾಗಿಲು ತೆರೆದಿರುತ್ತದೆ. ಹೂ ಬಿಡುವಾಗ, ಮಿಡಿ ಕಚ್ಚುವಾಗ ಮಳೆ ಬಂದರೆ ಚಿಬ್ಬು ರೋಗದ ಶಿಲೀಂಧ್ರ ಕಾಯಿಯ ಸಿಪ್ಪೆಯೊಳಗೆ ಕಣ್ಣಿಗೆ ಕಾಣದ ಹಾಗೆ ಅಡಗಿ ಕೂತಿರುತ್ತದೆ. ಪೆಕ್ಟಿನ್ ಕಡಿಯುವುದರಲ್ಲಿ ಅದು ನಿಸ್ಸೀಮ. ಗಾಳಿಮಳೆಗೆ ಉದುರಿದ ಮಿಡಿಯಲ್ಲಿ ಪೆಟ್ಟು, ಒದ್ದೆ, ಈ ರೋಗ ಮೂರೂ ಕೂಡಿರುವ ಸಾಧ್ಯತೆ ಹೆಚ್ಚು.

ತೊಟ್ಟು ಮುರಿದದ್ದು ಮೂರನೆಯದು. ತೊಟ್ಟಿನ ಬುಡದಿಂದ ಸುರಿದುಹೋಗುವ ಸೊನೆಯಲ್ಲಿ ಪರಿಮಳ ಮಾತ್ರವಲ್ಲ, ಶಿಲೀಂಧ್ರವನ್ನು ತಡೆಯುವ ರೆಸಾರ್ಸಿನಾಲ್ ಜಾತಿಯ ಸಂಯುಕ್ತಗಳೂ ಇರುತ್ತವೆ. ಒಂದು ಸೆಂಟಿಮೀಟರ್ ತೊಟ್ಟು ಉಳಿಸಿದರೆ ಅದು ಮಿಡಿಯೊಳಗೇ ನಿಲ್ಲುತ್ತದೆ, ಗಾಯವೂ ತೆರೆಯುವುದಿಲ್ಲ.

ಅಯೋಡಿನ್, ಪ್ಲಾಸ್ಟಿಕ್, ಸುಣ್ಣ

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ ಇರುವುದು ಹತ್ತು ಲಕ್ಷ ಪಾಲಿಗೆ 15ರಿಂದ 30 ಪಾಲಿನ ಆಸುಪಾಸು. ಒಂದೂವರೆ ಕೆ.ಜಿ. ಉಪ್ಪಿನಲ್ಲಿ ಹೆಚ್ಚೆಂದರೆ 50 ಮಿಲಿಗ್ರಾಂ. ಅಷ್ಟರಿಂದ ಕೋಶಭಿತ್ತಿಗೆ ಏನೂ ಆಗದು. ಆದರೆ ಕಲ್ಲುಪ್ಪು ವಾಸಿ ಎಂಬ ಅವರ ಅನುಭವ ಸುಳ್ಳಲ್ಲ. ಸಮುದ್ರದ ನೀರು ಒಣಗಿಸಿ ತೆಗೆದ ಕಲ್ಲುಪ್ಪಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಳಿದಿರುತ್ತದೆ, ಶುದ್ಧ ಮಾಡಿದ ಪುಡಿ ಉಪ್ಪಿನಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ. ಕಲ್ಲುಪ್ಪಿನ ಹರಳು ಮಿಡಿಗಳ ನಡುವೆ ನಿಂತು ನಿಧಾನವಾಗಿ ಕರಗುವುದು ಇನ್ನೂ ದೊಡ್ಡ ಅನುಕೂಲ. ಸೇರಿನಲ್ಲಿ ಅಳೆಯುವವರಿಗೆ ಒಂದು ಮಾತು: ಒಂದು ಸೇರು ಹರಳುಪ್ಪೂ ಒಂದು ಸೇರು ಪುಡಿ ಉಪ್ಪೂ ತೂಕದಲ್ಲಿ ಒಂದೇ ಅಲ್ಲ. ಉಪ್ಪು ಬದಲಾದರೆ ಹಳೆಯ ಅಳತೆ ನಂಬಬೇಡಿ, ತೂಗಿ ಹಾಕಿ.

ಪ್ಲಾಸ್ಟಿಕ್ ಡಬ್ಬ ಆಹಾರಕ್ಕೆ ಯೋಗ್ಯವಾದದ್ದಾದರೆ ಮಿಡಿಯನ್ನು ಮೆತ್ತಗೆ ಮಾಡುವುದಿಲ್ಲ. ಮೇಲೆ ಖಾಲಿ ಜಾಗ ಬಿಟ್ಟದ್ದು, ಭಾರ ಇಡದೇ ಇದ್ದದ್ದು ಮಾಡುತ್ತದೆ. ಭರಣಿಯೇ ಆದರೂ ಒಳಗಿನ ಹೊಳಪು ಬಿರುಕು ಬಿಟ್ಟಿದ್ದರೆ ಬೇಡ. ಆ ಬಿರುಕಿನಲ್ಲಿ ಹಿಂದಿನ ವರ್ಷದ ಬೂಷ್ಟು ಕೂತಿರುತ್ತದೆ. ಅಲ್ಯೂಮಿನಿಯಂ ಪಾತ್ರೆ ಯಾವತ್ತೂ ಬೇಡ.

ಇನ್ನು ಸುಣ್ಣ. ಬೂದುಗುಂಬಳಕಾಯಿಯ ಪೇಠಾ ಮಾಡುವಾಗ ಸುಣ್ಣದ ತಿಳಿ ಬಳಸುವುದು ನಿಜ, ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಿಳಿಯ ಕ್ಷಾರ ಪೆಕ್ಟಿನ್ನಿನ ಟೊಪ್ಪಿ ತೆಗೆಯುತ್ತದೆ, ಅದೇ ತಿಳಿಯ ಕ್ಯಾಲ್ಸಿಯಂ ಕುಳಿ ತುಂಬುತ್ತದೆ. ಪಕ್ಕದ ಮನೆಯವರ ಸಲಹೆಗೆ ಮೂಲ ಇದೇ ಇರಬಹುದು. ಮಿಡಿಗೆ ಇದು ಹೊಂದದಿರುವುದಕ್ಕೆ ಮೂರು ಕಾರಣ. ಒಂದು, ಬಿಗಿಯಲು ಉದ್ದದ ಸರಗಳು ಬೇಕು, ನಿಮ್ಮ ಮಿಡಿಯಲ್ಲಿ ಅವು ಆಗಲೇ ಚೂರುಚೂರು. ಎರಡು, ಮಿಡಿಯ ಹುಳಿಯಲ್ಲಿ ಪೆಕ್ಟಿನ್ ಮಣಿಗಳ ವಿದ್ಯುದಂಶ ಬಹಳಷ್ಟು ಮುಚ್ಚಿಹೋಗಿರುತ್ತದೆ. ಕ್ಯಾಲ್ಸಿಯಂ ಹಿಡಿದುಕೊಳ್ಳಲು ಜಾಗವೇ ಕಡಿಮೆ. ಸೌತೆಕಾಯಿಯಲ್ಲಿ ಕೊಡುವ ಫಲವನ್ನು ಅದು ಮಾವಿನಲ್ಲಿ ಕೊಡದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ಆಮ್ಲತೆಯ ಅಂಕ, ಅಂದರೆ ಪಿ.ಎಚ್. (ಹುಳಿ ಹೆಚ್ಚಿದಷ್ಟೂ ಈ ಅಂಕ ಕಡಿಮೆ), 4.6ಕ್ಕಿಂತ ಕೆಳಗಿದ್ದರೆ ಬೊಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು. ಸುಣ್ಣ ಬೆರೆಸಿ, ಸರಿಯಾಗಿ ತೊಳೆಯದೆ, ಮೊದಲೇ ಉಪ್ಪು ಕಡಿಮೆ ಇರುವ ಡಬ್ಬದಲ್ಲಿ ಮುಚ್ಚಿಟ್ಟರೆ ಆ ರಕ್ಷಣೆಯನ್ನು ನಾವೇ ತೆಗೆದ ಹಾಗೆ. ದಯವಿಟ್ಟು ಮಾಡಬೇಡಿ.

ಸೌತೆ, ಕ್ಯಾರೆಟ್ ಮುಂತಾದವುಗಳ ಉಪ್ಪಿನಕಾಯಿಗೆ ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡ್ ಹಾಕಬಹುದು, ಕೆ.ಜಿ.ಗೆ ಒಂದರಿಂದ ಎರಡು ಗ್ರಾಂ. ಅದು ಹುಳಿಯನ್ನು ಕೆಡಿಸುವುದಿಲ್ಲ. ಹೆಚ್ಚಾದರೆ ಕಹಿ.

ಈಗ ಡಬ್ಬದಲ್ಲಿರುವುದಕ್ಕೆ ಏನು ಮಾಡಬೇಕು

ಮೆತ್ತಗಾದವುಗಳನ್ನೂ ಅವುಗಳಿಗೆ ತಾಗಿದ್ದವುಗಳನ್ನೂ ಮೊದಲು ಬೇರೆ ಮಾಡಿ. ಪದರ ಬರೀ ಬಿಳಿ, ತೆಳು, ಪುಡಿಪುಡಿಯಾಗಿದ್ದರೆ ಅದು ಯೀಸ್ಟು. ಹಸಿರು, ಕಪ್ಪು, ಗುಲಾಬಿ ಬಣ್ಣವೋ ರೋಮದಂಥ ಬೆಳವಣಿಗೆಯೋ ಕಂಡರೆ ಬೂಷ್ಟು. ಆಗ ಮೆತ್ತಗಿನವನ್ನು ತೆಂಗಿನ ಬುಡಕ್ಕೂ ಹಾಕಬೇಡಿ, ಉಪ್ಪು ಇದೆ, ಬೇರೆ ಕಡೆ ಎಸೆಯಿರಿ. ಬೂಷ್ಟು ಬಿಡುವ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಬರೀ ಯೀಸ್ಟ್ ಪದರವಾಗಿದ್ದು ವಾಸನೆ ಶುದ್ಧವಾಗಿದ್ದರೆ ಸ್ವಲ್ಪ ಮೆತ್ತಗಾದ ಮಿಡಿಗಳ ತಿರುಳು ತೆಗೆದು ಚೆನ್ನಾಗಿ ಕುದಿಸಿ ಗೊಜ್ಜು ಮಾಡಿಕೊಳ್ಳಬಹುದು. ಲೋಳೆಯಾದವು ಅದಕ್ಕೂ ಬೇಡ.

ತಳದ ಗಟ್ಟಿ ಮಿಡಿಗಳನ್ನು ಹೊಸ ಉಪ್ಪುನೀರಿನಲ್ಲಿ ತೊಳೆಯಿರಿ. ಹಳೆಯ ನೀರಿನಲ್ಲಿ ಕಿಣ್ವ ಇದೆ ಎಂದೆನಲ್ಲ, ಅದನ್ನು ಚೆಲ್ಲಿಬಿಡುವುದು ಒಳ್ಳೆಯದು. ರುಚಿಗಾಗಿ ಇಟ್ಟುಕೊಳ್ಳಲೇಬೇಕೆಂದರೆ ಬೂಷ್ಟು ಇರಲಿಲ್ಲ ಎಂದು ಖಚಿತವಿದ್ದಾಗ ಮಾತ್ರ, ಹತ್ತು ನಿಮಿಷ ಕುದಿಸಿ, ಸೋಸಿ, ಪೂರ್ತಿ ಆರಿಸಿ ಬಳಸಿ. ಕುದಿತಕ್ಕೆ ಕಿಣ್ವ ಸಾಯುತ್ತದೆ. ಆರುವ ಮೊದಲು ಸುರಿದರೆ ಮಿಡಿಯೇ ಬೇಯುತ್ತದೆ. ಹೊಸ ನೀರಿಗೆ ಒಂದು ಲೀಟರಿಗೆ 250 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ ಆರಿಸಿ, ಮಿಡಿ ಮುಳುಗುವಷ್ಟು ತುಂಬಿ. ಅಂಗಡಿಯಲ್ಲಿ ಸಿಗುವ ಬೆಂಜೋಯೇಟ್ ಹೊಸ ಬೂಷ್ಟನ್ನು ತಡೆದೀತು, ನೀರಿಗೆ ಆಗಲೇ ಬಿದ್ದ ಕಿಣ್ವವನ್ನು ತಡೆಯಲಾರದು.

ಮುಂದಿನ ಸಲ

ಮರದಿಂದ ಕೈಯಲ್ಲೋ ಬಲೆ ಕಟ್ಟಿದ ಕೊಕ್ಕೆಯಲ್ಲೋ ಕೊಯ್ದ ಮಿಡಿ ಮಾತ್ರ ತೆಗೆದುಕೊಳ್ಳಿ. ಕಪ್ಪು ಚುಕ್ಕೆ ಇರುವುದನ್ನು ಬಿಡಿ. ಕೊಯ್ದ ದಿನವೇ ತೊಳೆದು ಬಟ್ಟೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಎರಡು ಮೂರು ಗಂಟೆ ಆರಿಸಿ. ಬಿಸಿಲು ಬೇಡ.

ಹತ್ತು ಕೆ.ಜಿ.ಗೆ 2.2 ಕೆ.ಜಿ. ಕಲ್ಲುಪ್ಪು. ಶೇಕಡಾ 20ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಪದರ ಪದರವಾಗಿ ಹಾಕುವಾಗ ಅರ್ಧದಷ್ಟು ಉಪ್ಪು ಮೇಲಿನ ಮೂರನೇ ಒಂದು ಭಾಗಕ್ಕೆ ಬೀಳಲಿ, ಇಳಿಯುವುದು ಅದರ ಸ್ವಭಾವ. ನೀರು ಬಿಟ್ಟುಕೊಳ್ಳುವ ಮೊದಲ ಎರಡು ಮೂರು ದಿನವೇ ಹೆಚ್ಚು ಅಪಾಯದ ಕಾಲ, ಆಗ ಮೇಲಿನ ಮಿಡಿಗಳು ಒಣಗಾಳಿಗೆ ಒಡ್ಡಿಕೊಂಡಿರುತ್ತವೆ. ಅದನ್ನು ತಪ್ಪಿಸಲು ಮೇಲೆ ಹೇಳಿದ ಕುದಿಸಿ ಆರಿಸಿದ ಉಪ್ಪುನೀರು ಸ್ವಲ್ಪ ಸುರಿಯಬಹುದು. ಮೊದಲ ಹತ್ತು ದಿನ ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಳದ್ದನ್ನು ಮೇಲೆ ತನ್ನಿ. ಆಮೇಲೆ ಪಿಂಗಾಣಿ ತಟ್ಟೆ ಮುಚ್ಚಿ ಭಾರ ಇಡಿ, ಎಲ್ಲವೂ ನೀರಿನ ಕೆಳಗೇ ಇರಬೇಕು. ಭಾರಕ್ಕೆ ತೊಳೆದು ಕುದಿಸಿದ ಕಗ್ಗಲ್ಲು ಆಗುತ್ತದೆ. ಮುರಕಲ್ಲು ಬೇಡ, ಅದರ ಕಬ್ಬಿಣಕ್ಕೆ ಮಿಡಿ ಕಪ್ಪಾಗುತ್ತದೆ. ಅಮೃತಶಿಲೆಯೂ ಬೇಡ, ಹುಳಿಗೆ ಕರಗುತ್ತದೆ.

ಮೂರು ನಾಲ್ಕು ವಾರದಲ್ಲಿ ಪೂರ್ತಿ ಚಿರುಟಿದ ಮೇಲೆ ಉಪ್ಪುನೀರನ್ನು ಕುದಿಸಿ ಆರಿಸಿ ಮೆಣಸು, ಸಾಸಿವೆ, ಅರಿಸಿನ ಅರೆದು ಬೆರೆಸುವ ಕ್ರಮ ನಿಮಗೆ ಗೊತ್ತೇ ಇದೆ. ಸಾಸಿವೆಯನ್ನು ಹಸಿಯಾಗಿಯೇ ಅರೆಯಿರಿ. ಅದರ ಘಾಟು ಹುಟ್ಟುವುದು ಅರೆಯುವಾಗ ಕೆಲಸ ಮಾಡುವ ಒಂದು ಕಿಣ್ವದಿಂದ, ಚೆನ್ನಾಗಿ ಹುರಿದರೆ ಆ ಕಿಣ್ವ ಸಾಯುತ್ತದೆ. ಘಾಟು ಬರೀ ರುಚಿಗಲ್ಲ, ಬೂಷ್ಟಿಗೂ ಅದು ವಿಷ.

ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಬೇಕೆಂದರೆ ಶೇಕಡಾ 10-12ರಲ್ಲಿ ಹಾಕಿ ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡುವುದು ಒಂದು ದಾರಿ. ತಂಪಿನಲ್ಲಿ ಕಿಣ್ವವೂ ಬೂಷ್ಟೂ ನಿಧಾನ, ನಿಂತುಹೋಗುವುದಿಲ್ಲ. ಕೆಲವು ತಿಂಗಳಲ್ಲಿ ಮುಗಿಸಬೇಕು, ಕರೆಂಟು ದಿನಗಟ್ಟಲೆ ಹೋಗುವ ಮಳೆಗಾಲದಲ್ಲಿ ಇದನ್ನು ನಂಬುವಂತಿಲ್ಲ.

ನೀವು ಕೇಳದಿದ್ದರೂ ಹಲಸಿನ ಉಪ್ಪು ಸೊಳೆಯ ಬಗ್ಗೆ ಒಂದು ಎಚ್ಚರಿಕೆ: ಅಲ್ಲಿ ಹುಳಿಯ ರಕ್ಷಣೆ ಇಲ್ಲವೇ ಇಲ್ಲ, ಉಪ್ಪೊಂದೇ ಆಸರೆ. ಕೆ.ಜಿ. ಸೊಳೆಗೆ 250 ಗ್ರಾಂಗಿಂತ ಕಡಿಮೆ ಮಾಡಬೇಡಿ. ತುಳುವ ಹಲಸಿನ ಸೊಳೆ ಬಹಳ ಬೇಗ ಕರಗುತ್ತದೆ, ಗಟ್ಟಿ ಸೊಳೆಯ ಬಕ್ಕೆ ಹಲಸನ್ನೇ ಬಳಸಿ, ಅದೂ ಬೆಳೆದು ಹಣ್ಣಾಗಲು ಶುರುವಾಗದ್ದನ್ನು.

ಹುರುಳಿಯ ಕಥೆ

ಹಳೆಯ ಹುರುಳಿ ಏಕೆ ಬೇಯುವುದಿಲ್ಲ? 'ಒಣಗಿ ಕಲ್ಲಾಗಿದೆ' ಎನ್ನುತ್ತಾರೆ. ಒಣಗಿದ್ದು ಕಾರಣವಲ್ಲ, ನಮ್ಮ ಮಳೆಗಾಲದ ತೇವ ಕಾರಣ. ಕಾಳಿನೊಳಗೆ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಸೆಕೆ ಮತ್ತು ತೇವ ಎರಡೂ ಸೇರಿದರೆ ಕಾಳಿನ ಸ್ವಂತ ಕಿಣ್ವ ಫೈಟೇಟನ್ನು ಒಡೆಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ನಿಧಾನವಾಗಿ ಮಧ್ಯಪಟಲಕ್ಕೆ ಸರಿದು ಪೆಕ್ಟಿನ್ನನ್ನು ಬಿಗಿಯುತ್ತವೆ. ಕೋಣೆಗಳು ಒಂದನ್ನೊಂದು ಬಿಡದಷ್ಟು ಗಾರೆ ಗಟ್ಟಿಯಾದ ಮೇಲೆ ಒಳಗಿನ ಪಿಷ್ಟ ಬೆಂದರೂ ಕಾಳು ಮೆತ್ತಗಾಗುವುದಿಲ್ಲ. ಉಡುಪಿ, ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಧಾರಣ ಡಬ್ಬದಲ್ಲಿಟ್ಟ ಕಾಳಿಗೆ ಈ ಎರಡೂ ಧಾರಾಳವಾಗಿ ಸಿಗುತ್ತವೆ.

ಉಪಾಯ ಸುಲಭ. ಒಂದು ಲೀಟರ್ ನೀರಿಗೆ 10ರಿಂದ 15 ಗ್ರಾಂ ಉಪ್ಪು ಕರಗಿಸಿ, ಅಂದರೆ ಎರಡರಿಂದ ಮೂರು ಚಮಚ, ಹುರುಳಿಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ. ಉಪ್ಪಿನ ಸೋಡಿಯಂ ಕುಳಿಗಳಲ್ಲಿ ಕೂತ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಸೋಡಿಯಂಗೆ ಒಂದೇ ಕೈ, ಎರಡು ಸರಗಳನ್ನು ಹಿಡಿಯಲಾರದು. ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಕುಕ್ಕರಿಗಿಡಿ. 'ಉಪ್ಪು ಮೊದಲೇ ಹಾಕಿದರೆ ಕಾಳು ಬೇಯದು' ಎಂಬ ಮಾತಿಗಿಂತ ಇದು ಉಲ್ಟಾ ಎನಿಸಬಹುದು, ನೆನೆಸುವಾಗ ಉಪ್ಪು ಸಹಾಯವನ್ನೇ ಮಾಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಬೇಯಿಸುವ ನೀರಿಗೆ ಲೀಟರಿಗೆ ಅರ್ಧ ಗ್ರಾಂ ಅಡುಗೆ ಸೋಡಾ, ಎರಡು ಬೆರಳಲ್ಲಿ ಹಿಡಿದ ಚಿಟಿಕೆ. ಕ್ಷಾರದಲ್ಲಿ ಶಾಖಕ್ಕೆ ಪೆಕ್ಟಿನ್ ಸರ ಬೇಗ ತುಂಡಾಗುತ್ತದೆ. ನಷ್ಟವೂ ಇದೆ: ಬಿ1 ಜೀವಸತ್ವ ಹಾಳಾಗುತ್ತದೆ, ಹೆಚ್ಚಾದರೆ ಸಾಬೂನಿನ ರುಚಿ. ಹುರುಳಿ ಸಾರಿನ ಕಟ್ಟು ತೆಗೆಯುವುದಾದರೆ ಸೋಡಾ ಬೇಡವೇ ಬೇಡ, ಪರಿಮಳ ಕೆಡುತ್ತದೆ.

ಬೇಸಿಗೆಯ ತೊಗರಿಬೇಳೆಗೆ ಬಾವಿ ನೀರೇ ಕಾರಣ ಎಂಬ ನಿಮ್ಮ ಅನುಮಾನ ಸರಿ ಇದೆ. ಮುರಕಲ್ಲಿನ ನೆಲದ ಬಾವಿಗಳಲ್ಲಿ ನೀರು ಸಾಮಾನ್ಯವಾಗಿ ಮೆದು, ಬೇಳೆಗೆ ಹೇಳಿಮಾಡಿಸಿದ್ದು. ಹೊಳೆಬದಿಯಲ್ಲಿ ಮಳೆ ನಿಂತು ಒಳನೀರು ಇಳಿದಾಗ ಸಮುದ್ರದ ಉಬ್ಬರದ ನೀರು ಒಳಸೇರುತ್ತದೆ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಷಿಯಂ. ನೂರು ಲೀಟರಿನಲ್ಲಿ ಎರಡೇ ಲೀಟರ್ ಬೆರೆತರೂ ನೀರಿನ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ) ಲೀಟರಿಗೆ 120 ಮಿಲಿಗ್ರಾಂಗೂ ಮೇಲೆ ಏರುತ್ತದೆ, ಆಗ ನಾಲಗೆಗೆ ಉಪ್ಪು ತುಸುವೇ ತಿಳಿಯುತ್ತದೆ. ಈ ಗಡಸು ಕುದಿಸಿದರೆ ಇಳಿಯುವ ಜಾತಿಯದ್ದಲ್ಲ. ಆ ಎರಡು ತಿಂಗಳು ಬೇಳೆ ಬೇಯಿಸಲು ಮಾತ್ರ ನಳ್ಳಿ ನೀರೋ ಆರ್.ಒ. ನೀರೋ ಬಳಸಿ. ಒಂದು ಕುಕ್ಕರಿಗೆ ಬೇಕಾದದ್ದು ಒಂದೂವರೆ ಲೀಟರ್ ಅಷ್ಟೇ.

ಹುಣಸೆಹುಳಿ, ಬಿಂಬುಳಿ, ಟೊಮೆಟೊ, ಬೆಲ್ಲ ಇವೆಲ್ಲ ಕಾಳೋ ತರಕಾರಿಯೋ ಪೂರ್ತಿ ಬೆಂದ ಮೇಲೆಯೇ ಬೀಳಲಿ. ಪಿ.ಎಚ್. 4ರ ಆಸುಪಾಸಿನಲ್ಲಿ, ಅಂದರೆ ನಮ್ಮ ಹುಳಿಯ ಮಟ್ಟದಲ್ಲಿ, ಪೆಕ್ಟಿನ್ ಶಾಖಕ್ಕೆ ಅತ್ಯಂತ ಗಟ್ಟಿಯಾಗಿ ನಿಲ್ಲುತ್ತದೆ. ಬೆಲ್ಲ ತನ್ನ ಜೊತೆ ಕ್ಯಾಲ್ಸಿಯಂ ತರುತ್ತದೆ. ಸುವರ್ಣಗೆಡ್ಡೆ ಹೋಳು ಅರೆಬೆಂದಾಗ ಹುಳಿ ಬಿದ್ದರೆ ಮತ್ತೆ ಅರ್ಧ ಗಂಟೆ ಕುದಿಸಿದರೂ ಅರೆಬೆಂದಂತೆಯೇ ಇರುವುದು ಹೀಗೆ. ಕಣಿಲೆಯ ಲೆಕ್ಕ ಮಾತ್ರ ಬೇರೆ. ಬಿದಿರು ಹುಲ್ಲಿನ ಕುಲದ್ದು, ಅದರ ಗೋಡೆಯಲ್ಲಿ ಪೆಕ್ಟಿನ್ ಬಹಳ ಕಡಿಮೆ, ಹೆಮಿಸೆಲ್ಯುಲೋಸ್ ಹೆಚ್ಚು. ಎಷ್ಟು ಕುದಿಸಿದರೂ ಅದು ಕರಕರ ಎನ್ನುತ್ತದೆ, ನಿಮ್ಮ ಅಡುಗೆಯ ತಪ್ಪಲ್ಲ.

ಈ ಮೇ ಕೊನೆಗೆ ಹೊಸ ಹುರುಳಿ ತಂದರೆ ಎರಡು ದಿನ ಚುರುಕು ಬಿಸಿಲಿಗೆ ಹರವಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಅಂಚಿನ ತನಕ ತುಂಬಿ. ಮಳೆಗಾಲದಲ್ಲಿ ಪದೇ ಪದೇ ತೆರೆಯದಂತೆ ಹದಿನೈದು ದಿನಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಕ್ಕೆ ತೆಗೆದಿಟ್ಟುಕೊಳ್ಳಿ. ಫ್ರಿಜ್ಜಿನಲ್ಲಿ ಜಾಗ ಇದ್ದರೆ ದೊಡ್ಡ ಡಬ್ಬವನ್ನು ಅಲ್ಲಿಡಿ.